ಸುಂದ್ರಿಯ ನವೆ

ಊರು, ಬಾಣಾವರ ಹೋಬಳಿ
೩-೩-೧೯೯೬

ಇಂದು,

ಎರಡು ವರ್ಷದ ಮೇಲೆ ಅಪ್ಪನ ಕಾಗದ ಬಂತಲ್ಲ ಎಂದು ಗಾಬರಿಯಾಗಬೇಡ. ನಿನ್ನವ್ವ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದವಳು ಸುಂದ್ರಿ.

ಶಿವರಾತ್ರಿ ಕಳೆದು ಬಿಸಿಲು ಏರಿದ್ದೇ ಏರಿದ್ದು, ಅವಳಿಗೆ ಮೈನವೆ ಹತ್ತಿದೆ. ಜೂಲಿನ ಬುಡ, ಬಾಲದ ಬುಡ, ಹೊಟ್ಟೆಯ ಕೆಳಗೆ. ನಿಂತಲ್ಲಿ ನಿಲ್ಲುವುದಿಲ್ಲ. ಗೂಟಕ್ಕೆ ಉಜ್ಜುತ್ತಾಳೆ, ಗೋಡೆಗೆ ಉಜ್ಜುತ್ತಾಳೆ, ಚಪ್ಪರದ ಕಂಬಕ್ಕೆ ಉಜ್ಜಿ ಉಜ್ಜಿ ಕಂಬವೇ ವಾಲಿದೆ. ಹಾಲಿನಂಥ ಬಿಳಿ ಮೈ ಹೇಗಿತ್ತು ನೆನಪಿದೆಯಲ್ಲ, ಈಗ ಅಲ್ಲಲ್ಲಿ ಕೂದಲು ಉದುರಿ ಕೆಂಪಗೆ ತೊಗಲು ಕಾಣುತ್ತದೆ. ಮೊನ್ನೆ ಸ್ಟೇಷನ್ನಿನಿಂದ ಮೇಲಿನ ಬೀದಿಯ ರುಕ್ಮಿಣಮ್ಮನವರನ್ನು ಜಟಕಾದಲ್ಲಿ ಕರೆತರುತ್ತಿದ್ದೆ. ದಾರಿಯಲ್ಲಿ ಮೈಲಿಗಲ್ಲು ಕಂಡದ್ದೇ ತಡ, ಸುಂದ್ರಿ ಗಾಡಿಸಮೇತ ಅಲ್ಲಿಗೆ ನುಗ್ಗಿ ಕತ್ತು ತಿಕ್ಕತೊಡಗಿದಳು. ಆಯಮ್ಮ ಒಳಗಿನಿಂದ, “ಏನೋ ಕೆಂಚ, ನಿನ್ ಕುದ್ರೆ ಕಲ್ಲಿಗೆ ಮುತ್ತು ಕೊಡ್ತದಲ್ಲೋ!” ಎಂದು ನಕ್ಕರು. ನಾನೂ ನಕ್ಕೆ. ನಗುವಂಥದ್ದೇನಿರಲಿಲ್ಲ.

ಬೂದಿ ಹಚ್ಚಿದೆ, ಮಜ್ಜಿಗೆ ಹಚ್ಚಿದೆ, ಹೊಂಗೆ ಎಣ್ಣೆ ಹಚ್ಚಿದೆ. ಎಣ್ಣೆ ಹಚ್ಚಿ ಬಿಸಿಲಿಗೆ ಗಾಡಿ ಕಟ್ಟಿಕೊಂಡು ಹೋದದ್ದಕ್ಕೆ ಇನ್ನೂ ಹೆಚ್ಚಾಯಿತು. ನಿನ್ನವ್ವ ಅನ್ನುತ್ತಾಳೆ, “ಆ ಹುಡ್ಗಿ ಬೇಲೂರು ತಾಲೂಕ್ನಾಗೆ ಮೇಷ್ಟ್ರಾಗೈತೆ, ಅಲ್ಲಿ ದೊಡ್ಡ ದನದಾಸ್ಪತ್ರೆ ಐತೆ, ಬಾಯಿ ಬಿಟ್ಟು ಕೇಳಾಕೇನು, ನಿನ್ ಮೀಸೆ ಮಣ್ಣಾಯ್ತದಾ?” ಅದಕ್ಕೇ ಬರೆದೆ.

ಬೇರೇನೂ ವಿಷಯವಿಲ್ಲ.

ನಿನ್ನ ಅಪ್ಪ,
ಕೆಂಚಯ್ಯ


ಅರೇಹಳ್ಳಿ
೧೧-೩-೧೯೯೬

ಅಪ್ಪಾ,

ಎರಡು ವರ್ಷದಲ್ಲಿ ನಾನು ಬದುಕಿದ್ದೀನಾ, ಉಂಡಿದ್ದೀನಾ ಎಂದು ಕೇಳದ ಮನುಷ್ಯ ಕುದುರೆಗೋಸ್ಕರ ಪೆನ್ನು ಹಿಡಿದಿದ್ದೀಯ. ಸಂತೋಷ. ಸುಂದ್ರಿಯ ಪುಣ್ಯ ನನಗಿಲ್ಲ.

ಶಾಲೆ ಬಿಟ್ಟ ಮೇಲೆ ಬೇಲೂರಿನ ಬಸ್ಸು ಹತ್ತಿ ಪಶು ಆಸ್ಪತ್ರೆಗೆ ಹೋಗಿದ್ದೆ. ನಿನ್ನ ಕಾಗದದಲ್ಲಿದ್ದದ್ದನ್ನೆಲ್ಲ ಡಾಕ್ಟರಿಗೆ ಓದಿ ಹೇಳಿದೆ. ಮೈಲಿಗಲ್ಲಿನ ಸಂಗತಿ ಕೇಳಿ ಅವರೂ ನಕ್ಕರು. ಆಮೇಲೆ ಹೇಳಿದರು: ಇದು ಗುಂಗಾಡಿನ ಕಡಿತ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳ. ಕೊಳೆತು ನಿಂತ ನೀರಲ್ಲಿ ಹುಟ್ಟುತ್ತದೆ, ಹೊತ್ತು ಮೂಡುವಾಗ, ಹೊತ್ತು ಮುಳುಗುವಾಗ ಬಂದು ಮುತ್ತುತ್ತದೆ. ಕೆಲವು ಕುದುರೆಗಳ ಮೈಗೆ ಅದರ ಕಡಿತ ಒಗ್ಗುವುದಿಲ್ಲ, ಬೇಸಿಗೆ ಬೇಸಿಗೆಗೂ ನವೆ ಏಳುತ್ತದೆ. ಆ ಎರಡು ಹೊತ್ತಲ್ಲಿ ಒಳಗೆ ಕಟ್ಟಿ ಬೇವಿನ ಸೊಪ್ಪಿನ ಹೊಗೆ ಹಾಕು. ಮೈಮೇಲೆ ತೆಳ್ಳನೆಯ ಹಳೇ ಪಂಚೆ ಹೊದಿಸು. ಎಣ್ಣೆಯನ್ನು ಸಂಜೆಗೆ ಮಾತ್ರ ಹಚ್ಚು, ಬಿಸಿಲಿಗೆ ಬೇಡ. ಎಲ್ಲಕ್ಕಿಂತ ಮುಖ್ಯ, ದಿನಾ ತಣ್ಣೀರಲ್ಲಿ ಮೈ ಮುಳುಗುವಂತೆ ನಿಲ್ಲಿಸಿ ಬೆವರು ಹೋಗುವ ಹಾಗೆ ತೊಳೆಯಬೇಕು. ಒಂದು ಬಿಂದಿಗೆ ಚಿಮುಕಿಸಿದರೆ ಪ್ರಯೋಜನವಿಲ್ಲ ಅಂದರು.

ಡಾಕ್ಟರು ಕೇಳಿದರು, “ನಿಮ್ಮ ಮನೆ ಹತ್ರ ಕೊಚ್ಚೆ ನಿಲ್ಲುತ್ತಾಮ್ಮ?”

ನಿಲ್ಲುತ್ತೆ ಸಾರ್ ಅಂದೆ. ಮೇಲಿನ ಬೀದಿಯವರು ಮೈ ತೊಳೆದದ್ದು, ಪಾತ್ರೆ ತೊಳೆದದ್ದು, ಕೊಟ್ಟಿಗೆ ತೊಳೆದದ್ದೆಲ್ಲ ಚರಂಡಿಯಲ್ಲಿ ಹರಿದು ಬಂದು ನಮ್ಮ ಹಿತ್ತಿಲಲ್ಲೇ ನಿಲ್ಲುತ್ತೆ ಅಂದೆ. ನೋಡು ಅಪ್ಪಾ, ಸುಂದ್ರಿಯನ್ನು ಕಡಿಯುವ ಹುಳಕ್ಕೂ ಹುಟ್ಟಿದ ಬೀದಿಯೊಂದಿದೆ.

ಮುಲಾಮು ಕಳಿಸಿದ್ದೇನೆ. ಅರಸೀಕೆರೆ ಬಸ್ಸಿನ ಕಂಡಕ್ಟರ್ ಹೊನ್ನಯ್ಯನವರ ಕೈಯಲ್ಲಿದೆ, ಸ್ಟ್ಯಾಂಡಿನಲ್ಲಿ ಹೋಗಿ ಇಸಿದುಕೋ.

ದಿನಾ ತೊಳೆಯಲು ನೀರೆಲ್ಲಿದೆ ಎಂದು ನನಗೂ ಗೊತ್ತು, ನಿನಗೂ ಗೊತ್ತು. ನಾನು ಆ ಮಾತು ಎತ್ತುವುದಿಲ್ಲ.

ಜೈ ಭೀಮ್,
ಇಂದು


ಊರು
೨೪-೩-೧೯೯೬

ಇಂದು,

ಮುಲಾಮು ಬಂತು. ಬೇವಿನ ಹೊಗೆಗೆ ನಿನ್ನವ್ವ ಕೆಮ್ಮಿ ಕೆಮ್ಮಿ ನಿನ್ನನ್ನು ಬೈಯುತ್ತಿದ್ದಾಳೆ. ಹೊಗೆ ಇರುವಷ್ಟು ಹೊತ್ತು ಸುಂದ್ರಿ ತಲೆ ಇಳಿಬಿಟ್ಟು ನಿಲ್ಲುತ್ತಾಳೆ. ಹೊಗೆ ಆರಿತೋ, ಮತ್ತೆ ಶುರು. ಅವಳು ತಿಕ್ಕುವ ಸದ್ದು ಕೇಳಿ ಕೇಳಿ ನನ್ನ ಮೈಯೂ ನವೆಯಾಗುತ್ತದೆ. ಊಟಕ್ಕೆ ಕೂತರೆ ತೊಡೆ ಕೆರೆದುಕೊಳ್ಳುತ್ತೇನೆ.

ನಮ್ಮ ಕೇರಿಯ ಭೀಮರಾಜ ಮತ್ತು ದಲಿತ ಸಂಘದ ನಾಲ್ಕು ಜನ ಸೇರಿ ಹಿತ್ತಿಲ ಕೊಚ್ಚೆ ಬಾಚಿದರು. ಎರಡು ದಿನ ಒಣಗಿತ್ತು. ಮತ್ತೆ ತುಂಬಿತು. ಮೇಲಿಂದ ಬರುವುದು ನಿಲ್ಲದೆ ಕೆಳಗೆ ಬಾಚಿ ಏನು ಮಾಡುವುದು?

ನಮ್ಮ ಕೇರಿಯ ಬಾವಿಯ ತಳ ಕಾಣುತ್ತಿದೆ. ನಲ್ಲಿಯಲ್ಲಿ ಬರುವುದು ಕುಡಿಯಲು ಸಾಲದು. ಮೇಲಿನ ಬೀದಿಯ ಕಟ್ಟೆಯಲ್ಲಿ ಮಾತ್ರ ಒರತೆ ನೀರು ಎದೆಮಟ್ಟ ನಿಂತಿದೆ. ಅದಕ್ಕೇ ಕೊನೆಗೆ ಅಲ್ಲಿಗೇ ಹೋದೆ. ಊರ ಪದ್ಧತಿ ನೀನು ಮರೆತಿರಲಾರೆ. ನಮ್ಮ ದನ ಕಟ್ಟೆಗೆ ಇಳಿಯಬಹುದು, ನಾವು ಇಳಿಯಬಾರದು. ಗಡಿಕಲ್ಲಿನ ಮೇಲೆ ಹಗ್ಗ ಇಟ್ಟು ಹಿಂದೆ ಸರಿಯಬೇಕು. ಅವರಲ್ಲಿ ಯಾರಾದರೂ ಬಂದು ಹಗ್ಗ ಎತ್ತಿಕೊಂಡು, ನೀರಿಗಿಳಿಸಿ, ಮತ್ತೆ ತಂದು ಕಲ್ಲಿನ ಮೇಲೆ ಹಗ್ಗ ಇಡುತ್ತಾರೆ. ಎತ್ತುಗಳಿಗೆ ಹೀಗೇ ನಡೆದಿದೆ.

ನಾನೂ ಹಗ್ಗ ಇಟ್ಟೆ. ಊರ ಯಜಮಾನ ಜಯದೇವಪ್ಪನವರ ಮಗ ಚಿದಂಬರ ಬಂದು ಎತ್ತಿಕೊಂಡ. ಒಳ್ಳೆಯ ಹುಡುಗ, ನಿನ್ನ ಜೊತೆ ಓದಿದವನು. ಆದರೆ ಸುಂದ್ರಿಗೆ ಉರಿಯುವ ಮೈ, ಗೊತ್ತಿಲ್ಲದ ಕೈ. ಅವನು ಜೂಲು ಮುಟ್ಟಿದ್ದೇ ತಡ, ಎತ್ತಿ ಒಗೆದಳು ನೋಡು, ಹುಡುಗ ಹೋಗಿ ಕೆಸರಲ್ಲಿ ಕೂತ. ಮೇಲೆದ್ದು, “ನಿಮ್ ಮಗಳಂಗೇ ಐತೆ ಕಣಯ್ಯಾ ಇದು!” ಅಂದ. ನಗು ಬಂತು, ನುಂಗಿಕೊಂಡೆ. ಅವನ ಅಪ್ಪ ಅಲ್ಲೇ ನಿಂತಿದ್ದರು.

“ಬುದ್ಧಿ, ಇವ್ಳು ನನ್ ಕೈಗೆ ಮಾತ್ರ ಬಗ್ಗೋದು. ನಾನೇ ಒಂದ್ ಗಳಿಗೆ...” ಅಂದೆ.

“ಕುದ್ರೆ ಇಳೀಲಿ, ಬ್ಯಾಡ ಅಂದೋರ್ಯಾರು? ನೀನು ಕಲ್ಲು ದಾಟ್ಬ್ಯಾಡ ಅಷ್ಟೇಯ. ಆವತ್ತು ಜಗುಲಿ ಮುಂದೆ ನಿಂತು ಏನಂದಿದ್ದೆ, ನೆಪ್ಪೈತಾ?” ಅಂದರು.

ನೆನಪಿದೆ ಅಂದೆ. ಸುಂದ್ರಿಯನ್ನು ಹಿಡಿದುಕೊಂಡು ಮನೆಗೆ ಬಂದೆ.

ನಿನ್ನ ಶಾಲೆಗೆ ರಜೆ ಯಾವಾಗ ಎಂದು ನಿನ್ನವ್ವ ಕೇಳುತ್ತಾಳೆ.

ಕೆಂಚಯ್ಯ


ಅರೇಹಳ್ಳಿ
೧-೪-೧೯೯೬

ಅಪ್ಪಾ,

ಆ ಮಾತು ಎತ್ತುವುದಿಲ್ಲ ಎಂದಿದ್ದೆ. ನೀನೇ ಎತ್ತಿದ್ದೀಯ.

ಎರಡು ವರ್ಷದ ಹಿಂದೆ ನಾನು, ಭೀಮರಾಜ, ಕೇರಿಯ ಹೆಂಗಸರು ಬಿಂದಿಗೆ ಹಿಡಿದು ಆ ಕಟ್ಟೆಗೆ ಇಳಿದೆವು. ಪಂಚಾಯ್ತಿ ದುಡ್ಡಲ್ಲಿ ಹೂಳೆತ್ತಿಸಿದ ಕಟ್ಟೆ ಅದು, ಯಾರಪ್ಪನ ಮನೆಯ ಕೊಪ್ಪರಿಗೆಯಲ್ಲ. ಕೇಸು ಹಾಕಲು ನಾನು ಅರಸೀಕೆರೆಗೆ ಹೋಗಿ ಬರುವಷ್ಟರಲ್ಲಿ, ನೀನು ಜಯದೇವಪ್ಪನ ಜಗುಲಿಯ ಕೆಳಗೆ ಟವೆಲ್ಲು ಕಂಕುಳಲ್ಲಿಟ್ಟುಕೊಂಡು “ಹುಡ್ಗಿ ತಿಳೀದೆ ಮಾಡೈತೆ ಬುದ್ಧಿ, ಹೊಟ್ಟೆಗಾಕ್ಕಳಿ” ಎಂದು ಕೈ ಮುಗಿದು ಮುಗಿಸಿದ್ದೆ. ನಾನು ತಿಳಿದೇ ಮಾಡಿದ್ದೆ. ಈಗ ನೋಡು, ನೀನು ಮುಗಿದ ಕೈಗೆ ಅವರು ಕೊಟ್ಟದ್ದೇನು? ನಿನ್ನ ಕುದುರೆಯ ಮೈ ತೊಳೆಯಲು ನಿನಗೇ ಬಿಡುತ್ತಿಲ್ಲ. ಪ್ರಾಣಿಯ ಮೈಗೆ ಇಲ್ಲದ ಮೈಲಿಗೆ ಮನುಷ್ಯನ ಮೈಗೆ. ಇದನ್ನು ಮಕ್ಕಳಿಗೆ ಪಾಠ ಹೇಳುವಾಗ ನನ್ನ ನಾಲಿಗೆ ಹೊರಳುವುದಿಲ್ಲ.

ಹದಿನಾಲ್ಕಕ್ಕೆ ಜಯಂತಿ. ಭೀಮರಾಜನಿಗೂ ಬರೆದಿದ್ದೇನೆ. ಈ ಸಲ ಬಾಬಾಸಾಹೇಬರ ಪಟ ಕೇರಿಯೊಳಗೇ ಸುತ್ತಿ ಬರುವುದು ಬೇಡ. ಸುಂದ್ರಿಯ ಗಾಡಿಯ ಮೇಲೆ ಮೇಲಿನ ಬೀದಿಯಲ್ಲಿ ಹೋಗಲಿ. ಬಿಳಿ ಕುದುರೆಯನ್ನು ಕಿವಿಯಿಂದ ಗೊರಸಿನವರೆಗೆ ನೀಲಿ ಮಾಡಿ. ಜಗುಲಿ ಮೇಲೆ ಕೂತವರ ಕಣ್ಣು ಕುಕ್ಕಬೇಕು.

ನಾನು ಬರುವುದಿಲ್ಲ. ಚುನಾವಣೆ ಕೆಲಸದ ತರಬೇತಿ ಇದೆ. ತರಬೇತಿ ಇಲ್ಲದಿದ್ದರೂ ನನಗೆ ಆ ಜಗುಲಿ ದಾಟಿ ಬರಲಾಗದು. ಅವ್ವನಿಗೆ ತರಬೇತಿಯನ್ನಷ್ಟೇ ಹೇಳು.

ಜೈ ಭೀಮ್,
ಇಂದು


ಊರು
೧೮-೪-೧೯೯೬

ಇಂದು,

ಭೀಮರಾಜ ನಿನಗೆ ಬರೆದಿದ್ದಾನೋ ಇಲ್ಲವೋ. ನಾಚಿಕೆಗೆ ಬರೆದಿರಲಿಕ್ಕಿಲ್ಲ. ನಾನೇ ಹೇಳುತ್ತೇನೆ.

ಜಯಂತಿಯ ಬೆಳಿಗ್ಗೆ ಹೂವು ತರಲು ಬಾಣಾವರಕ್ಕೆ ನಡೆದೇ ಹೋಗಿದ್ದೆ. ಸುಂದ್ರಿ ಮನೆಯಲ್ಲಿದ್ದಳು. ನಾನು ಬರುವಷ್ಟರಲ್ಲಿ ಹುಡುಗರು ಅವಳನ್ನು ನೀಲಿ ಮಾಡಿ ನಿಲ್ಲಿಸಿದ್ದರು. ನವಿಲಿನ ಕುತ್ತಿಗೆಯಂಥ ನೀಲಿ. ಕೇರಿಯ ಜನವೆಲ್ಲ ಸಿಳ್ಳೆ ಹೊಡೆಯುತ್ತಿತ್ತು. ನಿನ್ನವ್ವ ದೃಷ್ಟಿ ತೆಗೆದಳು. ನನ್ನ ಕಣ್ಣಲ್ಲೂ ನೀರು ಬಂತು, ಹೆಮ್ಮೆಗೆ. ಬಣ್ಣ ಯಾವುದು ಎಂದು ನಾನು ಕೇಳಲಿಲ್ಲ.

ನಮ್ಮ ಕೇರಿಯ ಸಮುದಾಯ ಭವನದ ಗೋಡೆಗೆ ಬಳಿದು ಉಳಿದಿದ್ದ ಸುಣ್ಣ, ಇಂದು. ಸುಣ್ಣಕ್ಕೆ ನೀಲಿ ಕಲಸಿದ್ದು.

ಹೊರಡುವಾಗ ತಣ್ಣಗಿತ್ತು, ನಡೆದಳು. ಮೇಲಿನ ಬೀದಿಯ ನಡುವಿಗೆ ಬರುವಷ್ಟರಲ್ಲಿ ಬಿಸಿಲೇರಿ ಮೈ ಬೆವತಿತು. ತೊಗಲು ಸುಲಿದು ಹಸಿಯಾಗಿದ್ದ ಕಡೆಯಲ್ಲೆಲ್ಲ ಸುಣ್ಣ ಇಳಿಯಿತು. ಒಮ್ಮೆಲೇ ಮುಂಗಾಲು ಎತ್ತಿ ನಿಂತುಬಿಟ್ಟಳು. ಭೀಮರಾಜ ಹಾರಿ ಬಾಬಾಸಾಹೇಬರ ಪಟ ಎದೆಗವಚಿಕೊಂಡ. ನಾನು ಗಾಡಿಯಿಂದ ಬಿಚ್ಚಿದೆ. ಬಿಚ್ಚಿದ್ದೇ ತಡ, ಬೀದಿಗೆ ಬಿದ್ದು ಹೊರಳತೊಡಗಿದಳು. ಅಂಥ ಕೂಗನ್ನು ನಾನು ಕುದುರೆಯ ಬಾಯಲ್ಲಿ ಕೇಳಿರಲಿಲ್ಲ.

ಜಗುಲಿಗಳೆಲ್ಲ ತುಂಬಿದ್ದವು. “ನೋಡ್ರಲಾ, ಕುದ್ರೇನೂ ಸಂಘಕ್ಕೆ ಸೇರಿಸ್ಕಂಡವ್ರೆ! ಅದ್ಕೂ ಬ್ಯಾಡಂತೆ!” ಅಂದರು ಜಯದೇವಪ್ಪ. ಬೀದಿಯೆಲ್ಲ ನಕ್ಕಿತು.

ಕಟ್ಟೆ ಅಲ್ಲೇ ಎದುರಿಗಿತ್ತು. ನೀರು ಫಳಫಳ ಹೊಳೆಯುತ್ತಿತ್ತು. ಅವಳನ್ನು ಎಬ್ಬಿಸಿ ಗಡಿಕಲ್ಲಿನ ತನಕ ಎಳೆದುಕೊಂಡು ಹೋದೆ. ಭೀಮರಾಜ ಹಿಂದಿನಿಂದ ಕೂಗುತ್ತಿದ್ದ, “ಇಳೀರಿ ಮಾವಾ, ಇಳೀರಿ, ನಾವಿದೀವಿ!”

ನಾನು ಹಗ್ಗವನ್ನು ಕಲ್ಲಿನ ಮೇಲೆ ಇಟ್ಟೆ.

ಯಾರೂ ಎತ್ತಿಕೊಳ್ಳಲಿಲ್ಲ. ಚಿದಂಬರ ಒಂದು ಹೆಜ್ಜೆ ಮುಂದೆ ಬಂದ, ಅವನ ಅಪ್ಪ ನೋಡಿದರು, ನಿಂತುಕೊಂಡ. ಹಗ್ಗ ಬಿದ್ದೇ ಇತ್ತು. ಸುಂದ್ರಿ ನೀರು ನೋಡುತ್ತಾ ನಡುಗುತ್ತಾ ನಿಂತಿದ್ದಳು. ಹಗ್ಗ ಯಾರ ಕೈಯಲ್ಲೂ ಇರಲಿಲ್ಲ, ತಾನೇ ಹೋಗಬಹುದಿತ್ತು. ಆದರೆ ನನ್ನನ್ನು ಬಿಟ್ಟು ನಡೆದು ಅವಳಿಗೆ ಅಭ್ಯಾಸವಿಲ್ಲ, ತಿರುಗಿ ತಿರುಗಿ ನನ್ನ ಮುಖ ನೋಡಿದಳು. ನಾನು ಹಗ್ಗ ಎತ್ತಿಕೊಂಡು ವಾಪಸ್ಸು ಬಂದೆ.

ನಮ್ಮ ಕೇರಿಯ ಒಂದೊಂದು ಮನೆಯವರೂ ಕುಡಿಯಲು ಇಟ್ಟಿದ್ದ ಬಿಂದಿಗೆ ಹೊರಗೆ ತಂದು ಅವಳ ಮೇಲೆ ಸುರಿದರು. ಹಬ್ಬದ ದಿನ ಮಕ್ಕಳು ಬಾಯಾರಿ ಅತ್ತವು. ಸುಣ್ಣ ಹೋಯಿತು, ಜೊತೆಗೆ ಬೆನ್ನ ಮೇಲಿನ ತೊಗಲೂ ಹೋಯಿತು. ಈಗ ನೊಣ ಕೂತಿವೆ. ಮೇವು ಮುಟ್ಟುತ್ತಿಲ್ಲ.

ಡಾಕ್ಟರನ್ನು ಇನ್ನೊಂದು ಸಲ ಕೇಳು.

ಕೆಂಚಯ್ಯ


ಅರೇಹಳ್ಳಿ
೨೫-೪-೧೯೯೬

ಅಪ್ಪಾ,

ನೀಲಿ ಎಂದವಳು ನಾನು. ಸುಣ್ಣ ಎನ್ನಲಿಲ್ಲವಲ್ಲ ಎಂದು ಬರೆದು ಕಾಗದ ಹರಿದು ಹಾಕಿದೆ. ಇದು ಎರಡನೆಯದು.

ಡಾಕ್ಟರು ಪುಡಿ ಕೊಟ್ಟಿದ್ದಾರೆ, ಹೊನ್ನಯ್ಯನವರ ಕೈಗೆ ಕೊಟ್ಟಿದ್ದೇನೆ. ಗಾಯ ತೊಳೆದು ಒಣಗಿಸಿದ ಮೇಲೆ ಉದುರಿಸಬೇಕು. ತೊಳೆಯದೆ ಉದುರಿಸಿದರೆ ಒಳಗೇ ಕೊಳೆಯುತ್ತದೆ. ಬೆಳಿಗ್ಗೆ ಒಂದು ಸಲ, ಇಳಿಹೊತ್ತಿಗೆ ಒಂದು ಸಲ ತುಂಬು ನೀರು ಬೇಕು. ಇಲ್ಲದಿದ್ದರೆ ಹುಳ ಬೀಳುತ್ತದೆ, ಕುದುರೆ ಉಳಿಯುವುದಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ.

ಒಂದು ದಾರಿ ಇದೆ. ಇಲ್ಲಿಂದ ಕಾಫಿ ಮೂಟೆಯ ಲಾರಿಗಳು ಅರಸೀಕೆರೆಗೆ ಬಂದು ಖಾಲಿ ವಾಪಸ್ಸಾಗುತ್ತವೆ. ಸುಂದ್ರಿಯನ್ನು ಹತ್ತಿಸಿ ಕಳಿಸು. ನನ್ನ ಬಾಡಿಗೆ ಮನೆಯ ಹಿಂದೆ ಹಳ್ಳ ಹರಿಯುತ್ತದೆ. ಕೇಳುವವರಿಲ್ಲ. ನಾನೇ ತೊಳೆಯುತ್ತೇನೆ, ಒದ್ದರೆ ಒದೆಯಲಿ.

ನಿನ್ನನ್ನು ಒಂದು ಮಾತು ಕೇಳಬೇಕು, ಕೇಳಿದರೆ ಮತ್ತೆ ಎರಡು ವರ್ಷ ಕಾಗದ ನಿಲ್ಲುತ್ತದೆಯೋ ಎಂದು ಭಯ. ಆದರೂ ಕೇಳುತ್ತೇನೆ. ಅವಳು ಅಷ್ಟು ಅರಚುತ್ತಿರುವಾಗಲೂ ಹಗ್ಗ ಕೆಳಗಿಡಲು ನಿನ್ನ ಕೈ ಹೇಗೆ ಬಂತು?

ಇಂದು


ಊರು
೯-೫-೧೯೯೬

ಇಂದು,

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರ ಬರೆಯಲು ಕೂತು ಕೂತು ಎದ್ದೆ.

ಲಾರಿಯ ಮಾತನ್ನು ನಿನ್ನವ್ವನಿಗೆ ಹೇಳಿದೆ. ಅವಳು ಸುಂದ್ರಿಯ ಮೇಲಿನ ನೊಣ ಓಡಿಸುತ್ತಾ ಕೂತಿದ್ದಳು. “ಮಗಳ್ನ ಊರು ಬಿಡಿಸ್ದೆ. ಈಗ ಕುದ್ರೇನೂ ಬಿಡಿಸು. ನಾಳೆ ನನ್ನೂ ಲಾರಿ ಹತ್ತಿಸು. ಆಮೇಲೆ ನೀನೊಬ್ನೇ ಕುಂತ್ಕಂಡು ಜಯದೇವಪ್ಪನ ಜಗುಲಿ ಕಾಯಿ” ಅಂದಳು. ಸೆರಗು ಬೀಸುವುದು ನಿಲ್ಲಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ನಾನು ಎದ್ದು ಸುಂದ್ರಿಯ ಹಗ್ಗ ಬಿಚ್ಚಿದೆ. ಮಟಮಟ ಮಧ್ಯಾಹ್ನ. ಜೊತೆಗೆ ಯಾರೂ ಇಲ್ಲ, ಘೋಷಣೆ ಇಲ್ಲ, ಪಟ ಇಲ್ಲ. ಮೇಲಿನ ಬೀದಿಯ ನಾಯಿ ಒಂದೇ ಬೊಗಳಿತು. ಗಡಿಕಲ್ಲಿನ ಹತ್ತಿರ ಬಂದಾಗ ನನ್ನ ಕೈ ತಾನಾಗಿಯೇ ಕೆಳಗೆ ಬಗ್ಗಿತು, ಇಂದು. ನೀನು ಕೇಳಿದ್ದಕ್ಕೆ ಅದೇ ಉತ್ತರ. ನನ್ನಪ್ಪನ ಕೈಯೂ ಹಾಗೇ ಬಗ್ಗುತ್ತಿತ್ತು, ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. ಬಗ್ಗಿದ ಕೈಗೆ ಹಗ್ಗವನ್ನು ಸುತ್ತಿಕೊಂಡೆ, ಬಿಗಿಯಾಗಿ, ಇಡಬೇಕೆಂದರೂ ಇಡಲಾಗದ ಹಾಗೆ. ಇಳಿದೆ.

ರುಕ್ಮಿಣಮ್ಮ ಬಟ್ಟೆ ಒಗೆಯುತ್ತಿದ್ದರು. “ಏನೋ ಕೆಂಚ, ಕಣ್ ಕಾಣಕಿಲ್ವೇನೋ?”

“ಕಾಣ್ತೈತೆ ಕಣ್ರವ್ವಾ. ಅದ್ಕೇ ಇಳ್ದಿರೋದು.”

ನನ್ನ ಬಾಯಿಂದಲೇ ಬಂತು ಆ ಮಾತು. ಆಯಮ್ಮ ಒಗೆಯುವುದನ್ನು ಬಿಟ್ಟು ಓಡಿದರು.

ಸುಂದ್ರಿ ಎದೆಮಟ್ಟ ನೀರಿಗೆ ಹೋಗಿ ನಿಂತಳು. ಮೂಗಿನವರೆಗೆ ಅದ್ದಿದಳು. ಒಂದು ಉಸಿರು ಬಿಟ್ಟಳು ನೋಡು, ಫೆಬ್ರವರಿಯಿಂದ ಹಿಡಿದಿಟ್ಟುಕೊಂಡಿದ್ದ ಉಸಿರು. ತೊಗಲಿನ ಅದುರು ನಿಂತಿತು. ಕತ್ತು ತಂದು ನನ್ನ ಭುಜದ ಮೇಲಿಟ್ಟಳು. ಅಂಗೈಯಿಂದ ಮೆಲ್ಲಗೆ ನೀರು ಹಾಕಿ ಹಾಕಿ ತೊಳೆದೆ.

ಜಯದೇವಪ್ಪ ಬಂದರು, ಹಿಂದೆ ಜನ. “ಮಗ್ಳು ಹೇಳಿ ಕಳಿಸಿದ್ಲೇನ್ಲಾ?”

“ಅವ್ಳು ಹೇಳಿ ಎಲ್ಡು ವರ್ಷ ಆಯ್ತು” ಅಂದೆ. “ನಂಗೆ ಈಗ ಕೇಳುಸ್ತು.”

ತೊಳೆದು ಮುಗಿಯುವ ತನಕ ಮೇಲೆ ಬರಲಿಲ್ಲ. ಕಲ್ಲು ಬಿತ್ತು, ಒಂದು ಹೆಗಲಿಗೆ ತಾಕಿತು. ಎಸೆದವರ ಕೈಯನ್ನು ಚಿದಂಬರ ಹಿಡಿದುಕೊಂಡನಂತೆ, ನಾನು ನೋಡಲಿಲ್ಲ.

ಮಾರನೆಯ ದಿನ ಕಟ್ಟೆ ಶುದ್ಧಿ ಮಾಡಿದರು. ಹೇಗೆ ಗೊತ್ತೇ? ಡೀಸೆಲ್ ಎಂಜಿನ್ ತಂದು ಅಷ್ಟೂ ನೀರನ್ನು ಜಯದೇವಪ್ಪನವರ ತೆಂಗಿನ ತೋಟಕ್ಕೆ ಹೊಡೆದರು. ಮಡಿಗೆ ಮಡಿಯೂ ಆಯಿತು, ತೆಂಗಿಗೆ ನೀರೂ ಆಯಿತು. ನಾನು ಮುಟ್ಟಿದ ನೀರು ಕುಡಿಯಲು ಆಗದು, ಎಳನೀರು ಕಟ್ಟಲು ಆಗುತ್ತದೆ. ಅವರ ದನಗಳೇ ಬಾಯಿ ಬಿಟ್ಟುಕೊಂಡು ನಿಂತವು. ಒರತೆಗೆ ಶುದ್ಧಿ ಅಶುದ್ಧಿ ತಿಳಿಯದು, ಎರಡು ದಿನಕ್ಕೆ ಸೊಂಟಮಟ್ಟ ಬಂತು. ನಾನೂ ಮತ್ತೆ ಹೋದೆ.

ಆ ದಿನ ಕಲ್ಲಿನ ಹತ್ತಿರ ದೊಣ್ಣೆ ಹಿಡಿದು ನಿಂತಿದ್ದರು. ನಮ್ಮ ಕೇರಿಯೂ ಎದ್ದು ಬಂದಿತ್ತು. ನಾನು ಕರೆದಿರಲಿಲ್ಲ. ಭೀಮರಾಜ ಬಾಯಿ ತೆರೆದ, ನಿನ್ನವ್ವ, “ಭಾಷ್ಣ ಬ್ಯಾಡ ಕಣ್ಲಾ, ಹಗ್ಗ ಹಿಡಿ” ಅಂದಳು. ಅವನು ಹಿಡಿದ, ಅವಳು ಹಿಡಿದಳು, ಹೆಂಗಸರೆಲ್ಲ ಹಿಡಿದರು. ಒಂದು ಕುದುರೆ, ಒಂದು ಹಗ್ಗ, ಅಷ್ಟೂ ಕೈ. ಯಾರನ್ನು ಹೊಡೆಯುವುದು ಎಂದು ಅವರಿಗೆ ತಿಳಿಯಲಿಲ್ಲವೋ ಏನೋ, ದಾರಿ ಬಿಟ್ಟರು.

ಈಗ ದಿನಾ ಎರಡು ಹೊತ್ತು ಇಳಿಸುತ್ತಿದ್ದೇನೆ. ಪುಡಿ ಉದುರಿಸುತ್ತಿದ್ದೇನೆ. ಗಾಯದ ಅಂಚಿನಲ್ಲಿ ಹೊಸ ತೊಗಲು ಬರುತ್ತಿದೆ. ಹುಲ್ಲಿಗೆ ಬಾಯಿ ಹಾಕಿದಳು.

ಮೇಲಿನ ಬೀದಿಯವರು ಗಾಡಿ ಹತ್ತುತ್ತಿಲ್ಲ. ಆಟೋ ಬಂದಿದೆ, ಅದರಲ್ಲಿ ಹೋಗುತ್ತಾರೆ. ಬರುವ ಭಾನುವಾರವಲ್ಲ, ಅದರ ಆಚೆಯ ಭಾನುವಾರ, ಹತ್ತೊಂಬತ್ತಕ್ಕೆ, ಜಗುಲಿಯ ಮುಂದೆ ನ್ಯಾಯ ಸೇರಿಸುತ್ತಾರಂತೆ. ಬೆಳಿಗ್ಗೆ ಒಂಬತ್ತಕ್ಕೆ ನಾನು ಬಂದು ಕೈ ಮುಗಿದರೆ ಸರಿ, ಇಲ್ಲದಿದ್ದರೆ ಊರು ಒಂದು ತೀರ್ಮಾನಕ್ಕೆ ಬರುತ್ತದಂತೆ. ಏನು ತೀರ್ಮಾನವೋ. ಹೆದರಿಕೆ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಆದರೆ ಅದು ಸುಂದ್ರಿಯನ್ನು ತೊಳೆಯುವ ಹೊತ್ತು.

ನಿನ್ನ ಅಪ್ಪ,
ಕೆಂಚಯ್ಯ


ಅರೇಹಳ್ಳಿ
೧೪-೫-೧೯೯೬

ಅಪ್ಪಾ,

ನಿನ್ನ ಕಾಗದವನ್ನು ರಜೆಗೆ ಬೀಗ ಹಾಕಿದ ಶಾಲೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಓದಿ ಎದ್ದೆ, ಮತ್ತೆ ಕೂತೆ. ಹೆಗಲಿಗೆ ಏನು ಹಚ್ಚಿದ್ದೀಯ? ಅದನ್ನೊಂದು ಬರೆದಿಲ್ಲ.

ಶನಿವಾರ ಸಂಜೆ ಅರಸೀಕೆರೆಗೆ ಬಂದು ಗೆಳತಿಯ ಮನೆಯಲ್ಲಿ ಉಳಿಯುತ್ತೇನೆ. ಅವಳ ಗಂಡ ವಕೀಲರು, ಅವರೂ ಜೊತೆಗೆ ಬರುತ್ತಾರೆ. ಭಾನುವಾರ ಬೆಳಗಿನ ಮೊದಲ ರೈಲಿಗೆ ಬಾಣಾವರದಲ್ಲಿ ಇಳಿಯುತ್ತೇವೆ. ಸ್ಟೇಷನ್ನಿಗೆ ಬರಬೇಡ, ನಡೆದು ಬರುತ್ತೇವೆ. ಕೇರಿಯ ಹಿಂದಿನ ದಾರಿಯಲ್ಲಿ ಅಲ್ಲ, ಮೇಲಿನ ಬೀದಿಯಲ್ಲೇ. ಜಗುಲಿಯ ಮುಂದೆಯೇ.

ನ್ಯಾಯದವರು ಹೇಳಿ ಕಳಿಸಿದರೆ ಕೆಲಸ ಮುಗಿದಿಲ್ಲ ಎನ್ನು. ಹೊತ್ತಾಯಿತು, ಮಗಳು ಇನ್ನೂ ಕಾಣಲಿಲ್ಲ ಎಂದು ದಡಕ್ಕೆ ಬಂದು ನೋಡಬೇಡ. ನೀನು ನೀರಿನಲ್ಲೇ ಇರು.

ನಾನು ಅಲ್ಲಿಗೇ ಇಳಿದು ಬರುತ್ತೇನೆ.

ನಿನ್ನ
ಇಂದು